ಏರ್ ರೈಫಲ್ ಸಿಲಿಂಡರಿಗೆ ಮನೆಯಲ್ಲೇ ಗಾಳಿ: ಅಧಿಕ ಒತ್ತಡದ ಕಂಪ್ರೆಸರ್ ಅಳವಡಿಸುವ ಸಮಗ್ರ ಮಾರ್ಗದರ್ಶಿ

ನನ್ನ ಕಂಪ್ರೆಸರಿನ ಪಕ್ಕದಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬಿ ಇದೆ. ಯಂತ್ರ ಓಡುವಾಗ ಐದು ನಿಮಿಷಕ್ಕೊಮ್ಮೆ ಅದರೊಳಗೆ ಬುಸ್ಸೆಂದು ನೀರು ಚಿಮ್ಮುತ್ತದೆ. ನೋಡಲು ನೀರುಮಜ್ಜಿಗೆಯಂತೆ ಬೆಳ್ಳಗೆ, ಮುಟ್ಟಿದರೆ ಬೆರಳಿಗೆ ಎಣ್ಣೆಯ ಜಿಡ್ಡು. ಮಂಗಳೂರಿನ ಜುಲೈ ತಿಂಗಳಲ್ಲಿ ಒಂದು ಸಿಲಿಂಡರ್ ತುಂಬುವಷ್ಟರಲ್ಲಿ ಡಬ್ಬಿಯ ತಳ ಮುಚ್ಚುತ್ತದೆ. ಆ ನೀರು ಡಬ್ಬಿಗೆ ಬೀಳದಿದ್ದರೆ ಸಿಲಿಂಡರಿಗೆ ಹೋಗುತ್ತಿತ್ತು, ಅಲ್ಲಿಂದ ರೈಫಲಿನೊಳಗೆ.

ಹತ್ತು ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವವರಿಗೆ ಗಾಳಿಯ ತಾಪತ್ರಯ ಗೊತ್ತೇ ಇರುತ್ತದೆ. ರೈಫಲ್ ಮನೆಯಲ್ಲಿರುತ್ತದೆ, ಗಾಳಿ ಮಾತ್ರ ಊರಿನ ಇನ್ನೊಂದು ಮೂಲೆಯ ಶೂಟಿಂಗ್ ರೇಂಜಿನಲ್ಲಿ. ಮನೆಯಲ್ಲೇ ಕಂಪ್ರೆಸರ್ ಇಡುವ ಆಸೆ ಹುಟ್ಟುವುದು ಅಲ್ಲಿಂದ. ಇಟ್ಟುಕೊಳ್ಳಬಹುದು, ಆದರೆ ಅದು ಮಿಕ್ಸಿಯಂತೆ ಪ್ಲಗ್ಗಿಗೆ ಸಿಕ್ಕಿಸಿ ಮರೆಯುವ ಯಂತ್ರವಲ್ಲ. ಒತ್ತಡ ಏರಿಸುವ ಕೆಲಸವನ್ನು ಯಂತ್ರವೇ ಮಾಡುತ್ತದೆ. ಗಾಳಿಯನ್ನು ಒಣಗಿಸುವುದು, ಬಿಸಿಯನ್ನು ಹಿಡಿತದಲ್ಲಿಡುವುದು ಮತ್ತು ಅವಸರ ಮಾಡದಿರುವುದು ನಮ್ಮ ಕೆಲಸ. ಈ ಬರಹದಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅವುಗಳಿಗೇ.

ಮೊದಲು ಲೆಕ್ಕ

ಪಂಕ್ಚರ್ ಅಂಗಡಿಯ ಕಂಪ್ರೆಸರ್ 8ರಿಂದ 10 ಬಾರ್ ಒತ್ತಡ ಕೊಡುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು 2.2 ಬಾರ್. ಸ್ಪರ್ಧೆಯ ಏರ್ ರೈಫಲಿನ ಸಿಲಿಂಡರಿಗೆ ಬೇಕಾದದ್ದು ಸಾಮಾನ್ಯವಾಗಿ 200 ಬಾರ್, ಅಂದರೆ 2,900 ಪಿಎಸ್‌ಐ. ಅದನ್ನು ತುಂಬಲು ಇಟ್ಟುಕೊಳ್ಳುವ ದೊಡ್ಡ ಸಿಲಿಂಡರಿನಲ್ಲಿ 300 ಬಾರ್. ಹಾಗಾಗಿ ಟೈರಿನ ಕಂಪ್ರೆಸರಿನ ಬಿಡಿಭಾಗ, ಪೈಪು, ಜೋಡಣೆ ಯಾವುದೂ ಇಲ್ಲಿ ಕೆಲಸಕ್ಕೆ ಬಾರದು. ಬಂದರೆ ಅಪಾಯವಾಗಿಯೇ ಬರುತ್ತದೆ.

ರೈಫಲಿನ ಸಿಲಿಂಡರ್ ಚಿಕ್ಕದು, ಹೆಚ್ಚುಕಡಿಮೆ 0.2 ಲೀಟರ್. ಅದನ್ನು 100 ಬಾರ್‌ನಿಂದ 200ಕ್ಕೆ ಏರಿಸಲು ಸುಮಾರು 20 ಲೀಟರ್ ಹೊರಗಿನ ಗಾಳಿ ಸಾಕು. ನಿಮಿಷಕ್ಕೆ 40 ಲೀಟರ್ ಎಳೆಯುವ ಯಂತ್ರಕ್ಕೆ ಅದು ಅರ್ಧ ನಿಮಿಷದ ಕೆಲಸ. ಅಷ್ಟು ಚಿಕ್ಕ ಪಾತ್ರೆಗೆ ಅಷ್ಟು ದೊಡ್ಡ ಯಂತ್ರವನ್ನು ನೇರವಾಗಿ ಜೋಡಿಸಿದರೆ ಗೇಜಿನ ಮುಳ್ಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ದಾಟುತ್ತದೆ. ಆದ್ದರಿಂದ ನಡುವೆ ಒಂದು ಸಂಗ್ರಹ ಸಿಲಿಂಡರ್ ಇರಲೇಬೇಕು. 3 ಲೀಟರಿನ ಸಿಲಿಂಡರನ್ನು 300 ಬಾರ್‌ಗೆ ತುಂಬಿಸಿಟ್ಟರೆ, ಅದು 200ಕ್ಕೆ ಇಳಿಯುವ ಹೊತ್ತಿಗೆ ಸುಮಾರು 300 ಲೀಟರ್ ಗಾಳಿ ಕೊಟ್ಟಿರುತ್ತದೆ. ರೈಫಲಿಗೆ ಅದು ಹೆಚ್ಚುಕಡಿಮೆ ಹದಿನೈದು ಸಲದ ತುಂಬುವಿಕೆ. ಅಂದರೆ ಕಂಪ್ರೆಸರನ್ನು ದಿನವೂ ಓಡಿಸಬೇಕಾಗಿಲ್ಲ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನಿಧಾನವಾಗಿ ಕೂತು ತುಂಬಿಸಿದರಾಯಿತು.

ಇನ್ನೊಂದು ಲೆಕ್ಕವನ್ನೂ ತಲೆಯಲ್ಲಿಟ್ಟುಕೊಳ್ಳಿ. ಆ 3 ಲೀಟರ್ ಸಿಲಿಂಡರ್ 300 ಬಾರ್‌ನಲ್ಲಿ ಹಿಡಿದಿಟ್ಟಿರುವ ಶಕ್ತಿ ಸುಮಾರು 180 ಕಿಲೋಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 70 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹೋಗುವಾಗ ಅದರಲ್ಲಿರುವಷ್ಟು ಶಕ್ತಿ ಅದು. ಮನೆಯ ಮೂಲೆಯಲ್ಲಿ ಸುಮ್ಮನೆ ನಿಂತಿರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಯಂತ್ರದ ಆಯ್ಕೆ

ಒಬ್ಬರೇ ಶೂಟರ್ ಇರುವ ಮನೆಗೆ ಕೈಪಂಪೇ ಸಾಕಾಗಬಹುದು. 200 ಬಾರ್‌ಗೆ ಅದು ಮುಟ್ಟಿಸುತ್ತದೆ, ಬೆವರು ಸುರಿಸಬೇಕು ಅಷ್ಟೇ. ಕಾರಿನ ಬ್ಯಾಟರಿಯಿಂದ ಓಡುವ ಎಣ್ಣೆರಹಿತ ಪುಟ್ಟ ಕಂಪ್ರೆಸರುಗಳು ರೈಫಲಿನ ಸಿಲಿಂಡರನ್ನು ನಿಧಾನವಾಗಿ ನೇರ ತುಂಬಬಲ್ಲವು, ಆದರೆ ದೊಡ್ಡ ಸಿಲಿಂಡರಿಗೆ ಅವುಗಳನ್ನು ದುಡಿಸಿದರೆ ಬೇಗ ಸುಸ್ತಾಗುತ್ತವೆ. ಇವುಗಳ ಮೇಲಿನದು ಮನೆಗಳಲ್ಲಿ ಹೆಚ್ಚು ಕಾಣುವ ಮಾದರಿ: 230 ವೋಲ್ಟಿನ, 1.8 ಕಿಲೋವಾಟ್ ಆಸುಪಾಸಿನ, ಎರಡು ಹಂತದ, ನೀರಿನಿಂದ ತಂಪಾಗುವ, 300 ಬಾರ್ ಎಂದು ಬರೆದಿರುವ ಯಂತ್ರ. ಈ ಬರಹ ಅದರ ಬಗ್ಗೆ. ಬಾವರ್, ಕೋಲ್ಟ್ರಿಯಂತಹ ಕಂಪನಿಗಳ ಮೂರು ನಾಲ್ಕು ಹಂತದ ಯಂತ್ರಗಳು ಮುಳುಗುಗಾರರ ಉಸಿರಾಟದ ಗಾಳಿಗೆಂದು ತಯಾರಾದವು. ಒಂದು ಕ್ಲಬ್ಬಿಗೆ ಅವು ಸರಿ, ಒಂದು ಮನೆಗೆ ಬೆಲೆ ಭಾರ.

ಹಂತಗಳ ಸಂಖ್ಯೆಗೆ ಯಾಕೆ ಬೆಲೆ ಎಂದರೆ, ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. 300 ಬಾರ್‌ಗೆ ಎರಡೇ ಹಂತದಲ್ಲಿ ಏರಬೇಕಾದರೆ ಒಂದೊಂದು ಹಂತವೂ ಗಾಳಿಯನ್ನು ಹದಿನೇಳು ಪಟ್ಟು ಒತ್ತಬೇಕು. ಬಿಸಿ ಎಲ್ಲಿಯೂ ಸೋರದಿದ್ದರೆ ಒತ್ತಿದ ಗಾಳಿ 400 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮೂರು ಹಂತವಾದರೆ ಅದು 250ರ ಒಳಗೆ ನಿಲ್ಲುತ್ತದೆ. ವಾಸ್ತವದಲ್ಲಿ ತಂಪು ನೀರು ಈ ಬಿಸಿಯ ಬಹುಪಾಲನ್ನು ಹೊತ್ತೊಯ್ಯುತ್ತದೆ. ಆದರೆ ನೀರು ನಿಂತ ಕ್ಷಣದಿಂದ ಯಂತ್ರ ಆ ಲೆಕ್ಕದ ಕಡೆಗೇ ಓಡುತ್ತಿರುತ್ತದೆ.

ಇಲ್ಲೇ ಒಂದು ಮಾತು, ಇದರಲ್ಲಿ ಚೌಕಾಸಿ ಇಲ್ಲ. ಈ ಯಂತ್ರದ ಗಾಳಿ ಉಸಿರಾಟಕ್ಕೆ ಅಲ್ಲ. ಸ್ಕೂಬಾ ಸಿಲಿಂಡರನ್ನು ಇದರಿಂದ ತುಂಬಿ ನೀರಿಗಿಳಿಯಬಾರದು, ಇಂಥ ಸಿಲಿಂಡರಿನಿಂದ ಯಾರಿಗೂ ಉಸಿರು ಕೊಡಬಾರದು. ಎಣ್ಣೆಯ ಆವಿ ಮತ್ತು ಬಿಸಿಯಾದ ಎಣ್ಣೆಯಿಂದ ಹುಟ್ಟಬಹುದಾದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತವೆ.

ಸಿಲಿಂಡರ್ ಮತ್ತು ಕಾನೂನು

4.5 ಮಿಲಿಮೀಟರ್ ಕ್ಯಾಲಿಬರಿನ, 20 ಜೂಲ್ ಮೀರದ ಏರ್ ರೈಫಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಡ. ಹತ್ತು ಮೀಟರ್ ಸ್ಪರ್ಧೆಯ ರೈಫಲುಗಳು ಈ ಮಿತಿಯ ಅರ್ಧಕ್ಕಿಂತ ಕೆಳಗೇ ಇರುತ್ತವೆ. ಆದರೆ ಸಿಲಿಂಡರಿನ ಮಾತು ಬೇರೆ. 500 ಮಿಲಿಲೀಟರಿಗಿಂತ ದೊಡ್ಡ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ, ಅದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ). ಆ ಸಂಸ್ಥೆಯ ಅನುಮೋದನೆ ಇಲ್ಲದ ಸಿಲಿಂಡರನ್ನು ಅಗ್ಗಕ್ಕೆ ಸಿಕ್ಕಿತೆಂದು ತರಿಸಬೇಡಿ. ತುಂಬುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಈ ನಿಯಮಗಳಲ್ಲಿ ಪರವಾನಗಿಯ ಷರತ್ತುಗಳಿವೆ. ನಿಮ್ಮ ಸಿಲಿಂಡರಿನ ಅಳತೆ ಮತ್ತು ಬಳಕೆಯನ್ನು ಹೇಳಿ, ಹಣ ಕೊಡುವ ಮುನ್ನವೇ ಪೆಸೊ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಿ.

ಸಿಲಿಂಡರಿನ ಕುತ್ತಿಗೆಯ ಬಳಿ ಕೆತ್ತಿದ ಅಕ್ಷರಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಓದಿ. ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ತಯಾರಾದ ತಿಂಗಳು, ಕೊನೆಯ ಜಲಪರೀಕ್ಷೆಯ (ನೀರು ತುಂಬಿ ಒತ್ತಡ ಏರಿಸಿ ಸಿಲಿಂಡರಿನ ಗಟ್ಟಿತನ ನೋಡುವ ಪರೀಕ್ಷೆ) ದಿನಾಂಕ ಅಲ್ಲಿರುತ್ತವೆ. ಜಲಪರೀಕ್ಷೆಯ ಅವಧಿ ಮುಗಿದಿದ್ದರೆ ಮಾನ್ಯತೆ ಇರುವ ಕೇಂದ್ರದಲ್ಲಿ ಮಾಡಿಸುವವರೆಗೆ ತುಂಬಬೇಡಿ. ರೈಫಲಿನ ಪುಟ್ಟ ಸಿಲಿಂಡರುಗಳಿಗೆ ತಯಾರಕರು ಕೊಡುವ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ನೋಡಲು ಹೊಸದರಂತಿದೆ ಎಂಬುದು ಇಲ್ಲಿ ವಾದವೇ ಅಲ್ಲ. ಕಾರ್ಬನ್ ಫೈಬರ್ ಸಿಲಿಂಡರಿನಲ್ಲಿ ಬೆರಳುಗುರಿಗೆ ಸಿಕ್ಕುವಷ್ಟು ಸೀಳು ಕಂಡರೂ ಪರಿಣತರಿಗೆ ತೋರಿಸಿ.

ಜಾಗ ಮತ್ತು ವಿದ್ಯುತ್

ಮಲಗುವ ಕೋಣೆ, ಅಡುಗೆಮನೆ, ಮಕ್ಕಳು ಓಡಾಡುವ ಹಜಾರ ಬೇಡ. ಮೋಟಾರ್ ವಾಹನದ ಶೆಡ್, ಹಿತ್ತಿಲ ಕಡೆಯ ಮುಚ್ಚಿದ ಜಗಲಿ, ಗಾಳಿಯಾಡುವ ಉಗ್ರಾಣ ಸರಿ. ನೆಲ ಸಮವಾಗಿರಬೇಕು. ಯಂತ್ರ ಒಂದು ಕಡೆಗೆ ವಾಲಿದ್ದರೆ ಎಣ್ಣೆಯ ಕಿಂಡಿಯಲ್ಲಿ ಕಾಣುವ ಮಟ್ಟ ಸುಳ್ಳು ಹೇಳುತ್ತದೆ. ಕೆಳಗೆ ದಪ್ಪ ರಬ್ಬರ್ ಹಾಳೆ ಹಾಸಿ. ಗಾಳಿ ಒಳಗೆಳೆಯುವ ಬಾಯಿ ಸ್ಕೂಟರಿನ ಹೊಗೆ, ಜನರೇಟರ್, ಪೇಂಟಿನ ಡಬ್ಬಿಗಳಿಂದ ದೂರವಿರಲಿ. ಸಂಗ್ರಹ ಸಿಲಿಂಡರನ್ನು ಗೋಡೆಗೆ ಪಟ್ಟಿಯಿಂದ ಕಟ್ಟಿ ನಿಲ್ಲಿಸಿ, ಅದು ಉರುಳಿ ವಾಲ್ವ್ ಮುರಿದರೆ ಸಿಲಿಂಡರೇ ರಾಕೆಟ್ ಆಗುತ್ತದೆ.

1.8 ಕಿಲೋವಾಟ್ ಮೋಟಾರು ಓಡುವಾಗ 8ರಿಂದ 10 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಆದ್ದರಿಂದ ಗೀಸರಿಗೆ ಕೊಡುವಂತೆ ಇದಕ್ಕೂ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆಸಿ: 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿ, 16 ಆಂಪಿಯರಿನ ಪವರ್ ಪ್ಲಗ್, ಸಿ ಮಾದರಿಯ ಎಂಸಿಬಿ, ವಿದ್ಯುತ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಮತ್ತು ನಿಜವಾಗಿಯೂ ನೆಲ ಮುಟ್ಟಿರುವ ಅರ್ಥಿಂಗ್. ಪಕ್ಕದಲ್ಲೇ ನೀರಿನ ಬಕೆಟ್ ಇರುವ ಯಂತ್ರ ಇದು, ಅರ್ಥಿಂಗ್ ವಿಷಯದಲ್ಲಿ ಸಡಿಲ ಬಿಡಬೇಡಿ. ಎಕ್ಸ್‌ಟೆನ್ಷನ್ ಬೋರ್ಡ್ ಖಂಡಿತ ಬೇಡ. ಸಂಜೆ ವೋಲ್ಟೇಜ್ ಕುಸಿಯುವ ಊರಾದರೆ ಬೆಳಿಗ್ಗೆ ತುಂಬಿಸಿ. ಬೆಳಗಿನ ಹೊತ್ತು ನೀರೂ ತಣ್ಣಗಿರುತ್ತದೆ.

ತಂಪು ನೀರು, ಎಣ್ಣೆ

20 ಲೀಟರಿನ ಬಕೆಟ್, ಅದರಲ್ಲಿ ಮುಳುಗಿಸುವ ಪುಟ್ಟ ಪಂಪ್, ಹೋಗಲು ಒಂದು ಪೈಪು, ಬರಲು ಒಂದು. ಪಂಪ್ ಶುರುಮಾಡಿ, ಹಿಂತಿರುಗುವ ಪೈಪಿನಿಂದ ನೀರು ಬಕೆಟ್ಟಿಗೆ ಸುರಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಕಂಪ್ರೆಸರಿನ ಸ್ವಿಚ್ ಮುಟ್ಟಿ. ಹಿಂದಿನ ರಾತ್ರಿ ಎರಡು ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿಟ್ಟು ಬಕೆಟ್ಟಿಗೆ ಇಳಿಬಿಟ್ಟರೆ ಬಹಳ ಅನುಕೂಲ. ಬೋರ್‌ವೆಲ್ಲಿನ ಗಡಸು ನೀರು ಪೈಪಿನೊಳಗೆ ಸುಣ್ಣ ಕಟ್ಟುತ್ತದೆ, ಮಳೆನೀರು ಉತ್ತಮ. ಯಂತ್ರದ ಮೇಲಿನ ತಾಪಮಾನ 60 ಡಿಗ್ರಿ ದಾಟಿದರೆ ನಾನು ನಿಲ್ಲಿಸಿಬಿಡುತ್ತೇನೆ. ತಯಾರಕರ ಮಿತಿ ಸ್ವಲ್ಪ ಮೇಲಿದ್ದರೂ ಆ ಅಂತರ ನನ್ನ ಪಿಸ್ಟನ್ ಸೀಲುಗಳ ಆಯುಷ್ಯ.

ಎಣ್ಣೆಯಲ್ಲಿ ಉಳಿತಾಯ ಮಾಡಬೇಡಿ. ಬೈಕಿನ ಎಂಜಿನ್ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಕೈಗೆ ಸಿಕ್ಕಿದ್ದು ಯಾವುದನ್ನೂ ಹಾಕಬಾರದು. ಅಧಿಕ ಒತ್ತಡದ ಕಂಪ್ರೆಸರಿಗೆಂದೇ ಇರುವ, ಬಿಸಿ ತಡೆಯುವ ಸಿಂಥೆಟಿಕ್ ಎಣ್ಣೆಯನ್ನು ಯಂತ್ರದ ಕೈಪಿಡಿಯಲ್ಲಿ ಹೇಳಿದ ಸ್ನಿಗ್ಧತೆಯಲ್ಲಿ (ವಿಸ್ಕಾಸಿಟಿ) ತನ್ನಿ. ಒತ್ತಿದ ಬಿಸಿ ಗಾಳಿಯಲ್ಲಿ ಸಾಧಾರಣ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನೊಳಗಿನಂತೆ ತಾನೇ ಹೊತ್ತಿಕೊಳ್ಳಬಲ್ಲದು. ಇದೇ ಕಾರಣಕ್ಕೆ ಜೋಡಣೆಗಳಲ್ಲಿ ಸೋರಿಕೆ ತಡೆಯುವ ಒ-ರಿಂಗುಗಳಿಗೆ ಶುದ್ಧ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಹೊಳಪು ಬರುವಷ್ಟೇ. ತುಕ್ಕು ಬಿಡಿಸುವ ಸ್ಪ್ರೇ, ಬೇರಿಂಗ್ ಗ್ರೀಸ್ ಅಲ್ಲಿಗೆ ಹೋಗಬಾರದು. ಆಮ್ಲಜನಕದ ಸಿಲಿಂಡರಿನಿಂದ ರೈಫಲಿಗೆ ತುಂಬುವ ಯೋಚನೆ ಯಾರಿಗಾದರೂ ಬಂದರೆ ಅಲ್ಲಿಯೇ ಬಿಟ್ಟುಬಿಡಿ. ಎಣ್ಣೆಯ ಲೇಪ ಸಿಕ್ಕಿದರೆ ಅದು ಸ್ಫೋಟ.

ಗಾಳಿ ಒಣಗಿಸುವುದು

ನಾನು ಶೂಟಿಂಗ್ ಶುರುಮಾಡಿದ ಮೊದಲ ವರ್ಷ ಒಂದು ಕಡೆ ಗಾಳಿ ತುಂಬಿಸಿಕೊಳ್ಳುತ್ತಿದ್ದೆ. ಅಲ್ಲಿ ಫಿಲ್ಟರ್ ಇರಲಿಲ್ಲ, ಇರಬೇಕೆಂದು ನನಗೂ ಗೊತ್ತಿರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಗುಂಡುಗಳು ಮೇಲೂ ಕೆಳಗೂ ಹರಡತೊಡಗಿದವು. ತಿಂಗಳುಗಟ್ಟಲೆ ನನ್ನ ಉಸಿರಾಟವನ್ನೂ ಟ್ರಿಗರ್ ಬೆರಳನ್ನೂ ದೂಷಿಸಿಕೊಂಡೆ. ಕೊನೆಗೆ ರಿಪೇರಿಯವರು ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹರಡಿದರು. ಬಿಲ್ಲೆಯಾಕಾರದ ಸ್ಪ್ರಿಂಗುಗಳ ಅಂಚಿನಲ್ಲಿ ಅರಿಸಿನ ಬಣ್ಣದ ತುಕ್ಕು, ಬೆರಳಾಡಿಸಿದರೆ ಪುಡಿ. ಅಂದಿನಿಂದ ಗಾಳಿಯ ಒಣತನ ನನಗೆ ಹಟವೇ ಆಗಿದೆ.

30 ಡಿಗ್ರಿ ಬಿಸಿಲಿನಲ್ಲಿ, 80 ಪ್ರತಿಶತ ಆರ್ದ್ರತೆಯಲ್ಲಿ ಒಂದು ಘನ ಮೀಟರ್ ಗಾಳಿಯೊಳಗೆ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 3 ಲೀಟರ್ ಸಿಲಿಂಡರನ್ನು ಖಾಲಿಯಿಂದ 300 ಬಾರ್‌ಗೆ ತುಂಬಲು ಯಂತ್ರ ಸುಮಾರು 0.9 ಘನ ಮೀಟರ್ ಗಾಳಿ ನುಂಗುತ್ತದೆ, ಅದರೊಂದಿಗೆ 22 ಗ್ರಾಂ ನೀರು. ಅಂದರೆ ನಾಲ್ಕು ಚಹಾ ಚಮಚೆಗಿಂತ ಹೆಚ್ಚು. ಒತ್ತಿದ ಗಾಳಿ ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲದ್ದು ಅದರಲ್ಲಿ ಒಂದು ಗ್ರಾಮಿಗಿಂತ ಬಹಳ ಕಡಿಮೆ. ಉಳಿದದ್ದೆಲ್ಲ ನೀರಾಗಿ ಎಲ್ಲಾದರೂ ಬೀಳಲೇಬೇಕು. ಕರಾವಳಿಯ ಜುಲೈಯಲ್ಲಿ ಲೆಕ್ಕ ಹೀಗೆ, ವಿಜಯಪುರದ ಜನವರಿಯಲ್ಲಿ ತುಂಬಿಸುವವರಿಗೆ ಇದರ ಒಂದು ಅಂಶ ಮಾತ್ರ.

ಗಾಳಿಯಿಂದ ನೀರು, ಎಣ್ಣೆ ಬೇರ್ಪಡಿಸಲು ಯಂತ್ರದ ಮೈಮೇಲಿರುವ ಪುಟ್ಟ ಸಪರೇಟರ್ ಮೊದಲ ಸಾಲಿನ ಕಾವಲು. ಅದರಿಂದ ಒಂದೆರಡು ಮೀಟರ್ ಉದ್ದದ ಅಧಿಕ ಒತ್ತಡದ ಹೋಸ್ ಬರಲಿ, ಆ ದೂರದಲ್ಲಿ ಗಾಳಿ ತಣಿದು ಇನ್ನಷ್ಟು ನೀರು ಹನಿಗಟ್ಟುತ್ತದೆ. ಆಮೇಲೆ ಎರಡನೆಯ ಫಿಲ್ಟರ್, ಅದು ನೆಟ್ಟಗೆ ನಿಂತಿರಬೇಕು. ಅದರೊಳಗಿನ ಕ್ರಮ ಮುಖ್ಯ: ಗಾಳಿಗೆ ಮೊದಲು ಸಿಗಬೇಕಾದದ್ದು ನೀರಿನ ಆವಿ ಹೀರುವ 13ಎಕ್ಸ್ ಮಾಲಿಕ್ಯುಲರ್ ಸೀವ್ ಮಣಿಗಳು, ಅದರ ಮೇಲೆ ಸಕ್ರಿಯ ಇದ್ದಿಲು, ನಡುನಡುವೆ ಫೆಲ್ಟ್ ಬಿಲ್ಲೆ. ಇದ್ದಿಲು ಒದ್ದೆಯಾದರೆ ಎಣ್ಣೆಯ ವಾಸನೆ ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಯಂತ್ರದೊಂದಿಗೆ ಬರುವ ಹತ್ತಿಯ ಉರುಳೆ ನೀರಿನ ಹನಿ ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ.

ಮಣಿಗಳು ಮುಗಿದವೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ನನ್ನ ಉಪಾಯ ಅಡುಗೆಯ ತಕ್ಕಡಿ. ಹೊಸ ಕಾರ್ಟ್ರಿಜ್ ಹಾಕುವಾಗ ಒಳಗಿನ ಮಣಿಗಳ ತೂಕ ಬರೆದಿಡುತ್ತೇನೆ. ಸೀವ್ ತನ್ನ ತೂಕದ ಐದನೆಯ ಒಂದು ಪಾಲಿನಷ್ಟು ನೀರು ಹಿಡಿಯಬಲ್ಲದು, ನಾನು ಹತ್ತನೆಯ ಒಂದು ಪಾಲು ಏರಿದೊಡನೆ ಬದಲಾಯಿಸುತ್ತೇನೆ. ಅದನ್ನು ಮನೆಯ ಓವನಿನಲ್ಲಿ ಒಣಗಿಸಲು ಹೋಗಬೇಡಿ. ಅದಕ್ಕೆ 250 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಮೇಲೆ ಎಣ್ಣೆಯೂ ಅಂಟಿರುತ್ತದೆ. ಉಳಿದ ಹೊಸ ಮಣಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಉಪ್ಪಿನಕಾಯಿ ಭರಣಿಗೆ ತೋರುವ ಶಿಸ್ತನ್ನು ಇದಕ್ಕೂ ತೋರಿ.

ಫಿಲ್ಟರ್ ಚೆನ್ನಾಗಿ ಕೆಲಸ ಮಾಡುವುದು ಅದರೊಳಗೆ ಒತ್ತಡ ಇದ್ದಾಗ. ಖಾಲಿ ಸಿಲಿಂಡರಿಗೆ ತುಂಬುವಾಗ ಶುರುವಿನ ಗಾಳಿ ಕಡಿಮೆ ಒತ್ತಡದಲ್ಲಿ ರಭಸದಿಂದ ಮಣಿಗಳ ನಡುವೆ ನುಗ್ಗಿ ಒದ್ದೆಯಾಗಿಯೇ ದಾಟುತ್ತದೆ. ಅದಕ್ಕೆ ಫಿಲ್ಟರಿನ ಆಚೆ ಸುಮಾರು 120 ಬಾರ್ ಬರುವವರೆಗೆ ದಾರಿ ಬಿಡದ ಒತ್ತಡ ಕಾಯುವ ವಾಲ್ವ್ ಇದ್ದರೆ ಬಹಳ ಒಳ್ಳೆಯದು. ಅದಿಲ್ಲದಿದ್ದರೆ ಒಂದು ನಿಯಮ ಇಟ್ಟುಕೊಳ್ಳಿ: ಸಂಗ್ರಹ ಸಿಲಿಂಡರ್ ಯಾವತ್ತೂ 150 ಬಾರ್‌ಗಿಂತ ಕೆಳಗೆ ಇಳಿಯಬಾರದು. ಆಗ ಫಿಲ್ಟರ್ ಸದಾ ಒತ್ತಡದಲ್ಲೇ ಕೆಲಸ ಮಾಡುತ್ತದೆ, ತುಂಬುವ ಸಮಯವೂ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಓಟ

ಹೊಸ ಯಂತ್ರಕ್ಕೆ ಸಿಲಿಂಡರ್ ಜೋಡಿಸಬೇಡಿ. ಎಣ್ಣೆಯನ್ನು ಗಾಜಿನ ಕಿಂಡಿಯ ಮಧ್ಯದವರೆಗೆ ಹಾಕಿ, ನೀರು ಹರಿಸಿ, ಒಳಗಿನ ನೀರನ್ನೂ ಒತ್ತಡವನ್ನೂ ಹೊರಬಿಡುವ ಬ್ಲೀಡ್ ತಿರುಪುಗಳನ್ನು ಪೂರ್ತಿ ತೆರೆದಿಟ್ಟು ಹತ್ತು ನಿಮಿಷ ಹಗುರವಾಗಿ ಓಡಿಸಿ. ಶಬ್ದ ಒಂದೇ ಸಮನಿದೆಯೇ ಕೇಳಿ. ಆ ಸ್ವರವನ್ನು ಕಿವಿಯಲ್ಲಿ ಇಟ್ಟುಕೊಳ್ಳಿ, ಮುಂದೆ ಕೆಟ್ಟುಹೋಗುವ ಮುನ್ನ ಯಂತ್ರ ಮೊದಲು ಬದಲಿಸುವುದು ಅದನ್ನೇ. ಬಳಿಕ ನಿಲ್ಲಿಸಿ, ಹೋಸಿನ ತುದಿಗೆ ಮುಚ್ಚುವ ತಿರುಪು ಹಾಕಿ, ಯಂತ್ರವನ್ನು ತಾನೇ ನಿಲ್ಲಿಸುವ ಗೇಜಿನ ಕೆಂಪು ಮುಳ್ಳನ್ನು 50 ಬಾರ್‌ಗೆ ಇಟ್ಟು ಓಡಿಸಿ. ಒತ್ತಡ ಕ್ಷಣಗಳಲ್ಲಿ ಏರುತ್ತದೆ, ಕೈ ಸ್ವಿಚ್ಚಿನ ಮೇಲೇ ಇರಲಿ. 50ಕ್ಕೆ ಯಂತ್ರ ನಿಂತರೆ ಆ ಗೇಜ್ ನಂಬಿಕೆಗೆ ಅರ್ಹ. ಈ ಪರೀಕ್ಷೆಯನ್ನು ನಾನು ಈಗಲೂ ಪ್ರತಿ ಸಲ ಮಾಡುತ್ತೇನೆ. ಜೋಡಣೆಗಳಿಗೆ ಸೋಪಿನ ನೀರು ಸವರಿ ನೋಡಿ. ಗುಳ್ಳೆ ಬಂದರೆ ಒತ್ತಡ ಪೂರ್ತಿ ಇಳಿಸಿದ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಸೋರುವ ಜಾಗವನ್ನು ಬೆರಳಿನಿಂದ ಹುಡುಕಬಾರದು, ಈ ಒತ್ತಡದ ಗಾಳಿ ಚರ್ಮವನ್ನು ತೂರಿ ಒಳಹೋಗುತ್ತದೆ.

ಮೊದಲ ಕೆಲವು ಗಂಟೆಗಳ ಓಟ ಮುಗಿದೊಡನೆ ಎಣ್ಣೆ ಬದಲಿಸಿ. ಹೊಸ ಲೋಹದ ಸಣ್ಣ ಕಣಗಳು ಅದರಲ್ಲಿ ಮಿನುಗುವುದನ್ನು ನೀವೇ ಕಾಣುತ್ತೀರಿ.

ತುಂಬುವ ಕ್ರಮ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಮಕ್ಕಳು, ನಾಯಿ ಹೊರಗೆ.

1. ಹೋಸನ್ನು ಸಿಲಿಂಡರಿಗೆ ಜೋಡಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿಯೇ ಇರಲಿ. ವಾಲ್ವಿನೊಳಗೆ ತಿರುಪಿ ಕೂರಿಸುವ ಡಿನ್ ಜೋಡಣೆಯಾದರೆ 200 ಬಾರ್‌ನದು ಗಿಡ್ಡ, 300 ಬಾರ್‌ನದು ಉದ್ದ. ಗಿಡ್ಡದ್ದು 300ರ ವಾಲ್ವಿನಲ್ಲಿ ಕೂರದಂತೆ ಬೇಕೆಂದೇ ಮಾಡಿದ್ದಾರೆ, ಅದನ್ನು ಮೀರಿಸುವ ಅಡಾಪ್ಟರ್ ಹುಡುಕಬೇಡಿ.

2. ತಂಪು ನೀರು ಶುರು. ಬ್ಲೀಡ್ ತಿರುಪುಗಳು ತೆರೆದಿರಲಿ. ಮೋಟಾರ್ ಶುರುಮಾಡಿ ಒಂದು ನಿಮಿಷ ಹಗುರವಾಗಿ ಓಡಿಸಿ. ಒತ್ತಡ ಹೊತ್ತ ಸ್ಥಿತಿಯಲ್ಲಿ ಮೋಟಾರನ್ನು ಎಂದೂ ಶುರುಮಾಡಬಾರದು.

3. ಬ್ಲೀಡ್ ತಿರುಪುಗಳನ್ನು ಕೈಬೆರಳಿನ ಬಲದಲ್ಲೇ ಮುಚ್ಚಿ. ಇಕ್ಕಳ ಹಾಕಿದರೆ ಒಳಗಿನ ಕುಳಿ ಸವೆದು ಸೋರತೊಡಗುತ್ತದೆ.

4. ಸಿಲಿಂಡರಿನಲ್ಲಿ 180 ಬಾರ್ ಇದ್ದರೆ ಕಂಪ್ರೆಸರಿನ ಗೇಜ್ 180 ಮುಟ್ಟುವವರೆಗೆ ಕಾಯಿರಿ. ಆಮೇಲೆ ವಾಲ್ವನ್ನು ನಿಧಾನವಾಗಿ ತೆರೆಯಿರಿ.

5. ಐದು ನಿಮಿಷಕ್ಕೊಮ್ಮೆ ಬ್ಲೀಡ್ ತಿರುಪನ್ನು ಸ್ವಲ್ಪ ಸಡಿಲಿಸಿ ನೀರು ಹೊರಹಾಕಿ. ಮಳೆಗಾಲದಲ್ಲಿ ಮೂರು ನಿಮಿಷಕ್ಕೊಮ್ಮೆ. ಶಬ್ದ ಒದ್ದೆಯಿಂದ ಒಣಗುವವರೆಗೆ, ಎರಡು ಮೂರು ಸೆಕೆಂಡು ಸಾಕು. ಈ ಹೊತ್ತಿನಲ್ಲಿ ಸಿಲಿಂಡರಿನ ಗಾಳಿ ಹಿಂದಕ್ಕೆ ಹರಿಯದಂತೆ ಹೋಸಿನ ಸಾಲಿನಲ್ಲಿ ಏಕಮುಖ ವಾಲ್ವ್ ಇರಬೇಕು, ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಬ್ಲೀಡ್ ಪೈಪಿನ ತುದಿಯ ಡಬ್ಬಿ ಪ್ಲಾಸ್ಟಿಕ್ಕಿನದಾಗಿರಲಿ, ಮುಚ್ಚಳದಲ್ಲಿ ದೊಡ್ಡ ತೂತುಗಳಿರಲಿ, ಒಳಗೆ ಹಳೆಯ ಬಟ್ಟೆ ತುರುಕಿ.

6. 15ರಿಂದ 20 ನಿಮಿಷ ಓಡಿದ ಮೇಲೆ ಯಂತ್ರಕ್ಕೆ ಬಿಡುವು ಕೊಡಿ, ನೀರಿನ ಪಂಪ್ ನಡೆಯುತ್ತಲೇ ಇರಲಿ. ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಫೋನ್ ಬಂದರೂ ಆಮೇಲೆ ಮಾತನಾಡಿ.

7. ಗುರಿ ಮುಟ್ಟಿದಾಗ ಮೋಟಾರ್ ನಿಲ್ಲಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ, ಬ್ಲೀಡ್ ತಿರುಪುಗಳನ್ನೂ ಹೋಸಿನ ತಿರುಪನ್ನೂ ತೆರೆದು ಎಲ್ಲ ಗೇಜುಗಳೂ ಸೊನ್ನೆಗೆ ಬಂದ ಮೇಲೆ ಬಿಚ್ಚಿ. ಹತ್ತು ನಿಮಿಷ ನೀರು ಹರಿಯಲಿ.

ತುಂಬಿದ ಸಿಲಿಂಡರ್ ಬಿಸಿಯಾಗಿರುತ್ತದೆ. ಒಳಗಿನ ಗಾಳಿ 60 ಡಿಗ್ರಿಯಲ್ಲಿ 300 ಬಾರ್ ತೋರಿಸಿದರೆ 30 ಡಿಗ್ರಿಗೆ ತಣಿದಾಗ ಸುಮಾರು 273ಕ್ಕೆ ಇಳಿಯುತ್ತದೆ. ಇದು ಸೋರಿಕೆಯಲ್ಲ. ಇಳಿಯುತ್ತದೆಂದು ಮೊದಲೇ 330ಕ್ಕೆ ಏರಿಸುವುದು ಮೂರ್ಖತನ. ಬೇಕಿದ್ದರೆ ತಣಿದ ಮೇಲೆ ಇನ್ನೊಮ್ಮೆ ತುಂಬಿ.

ರೈಫಲಿನ ಸಿಲಿಂಡರಿಗೆ

ಇಲ್ಲಿ 300 ಬಾರ್‌ನ ಮೂಲದಿಂದ 200ರ ಪಾತ್ರೆಗೆ ತುಂಬುತ್ತೀರಿ, ನಡುವೆ ಇರುವ ತಡೆ ನಿಮ್ಮ ಕೈ ಒಂದೇ. ವಾಲ್ವನ್ನು ಹಿಸ್ಸೆನ್ನುವಷ್ಟು ಮಾತ್ರ ತೆರೆದು, ಗೇಜಿನಿಂದ ಕಣ್ಣು ತೆಗೆಯದೆ, ಒಂದು ನಿಮಿಷ ತೆಗೆದುಕೊಂಡು ತುಂಬಿ. ಮಕ್ಕಳು ತಾವೇ ತುಂಬಿಕೊಳ್ಳುವ ಮನೆಯಾದರೆ ನನ್ನ ಸಲಹೆ ಇಷ್ಟೇ: ಸಂಗ್ರಹ ಸಿಲಿಂಡರನ್ನೇ 200ಕ್ಕೆ ನಿಲ್ಲಿಸಿ. ಗಾಳಿ ಕಡಿಮೆ ಸಿಗುತ್ತದೆ, ಹೆಚ್ಚು ಸಲ ತುಂಬಬೇಕಾಗುತ್ತದೆ. ಆದರೆ ಮಗು ಕೈ ಮರೆತರೂ ಮಿತಿ ಮೀರಲು ಸಾಧ್ಯವಿಲ್ಲ.

ನಿರ್ವಹಣೆ

ಯಂತ್ರದ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ: ದಿನಾಂಕ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ನಿಮಿಷ, ಗರಿಷ್ಠ ತಾಪಮಾನ. ಈ ನಾಲ್ಕೇ ಸಾಲುಗಳು ರೋಗ ಪತ್ತೆಹಚ್ಚುತ್ತವೆ. ಅದೇ ಸಿಲಿಂಡರಿಗೆ ಹಿಂದೆ ಹನ್ನೆರಡು ನಿಮಿಷ ಸಾಕಾಗುತ್ತಿದ್ದದ್ದು ಈಗ ಇಪ್ಪತ್ತಾದರೆ ಅಧಿಕ ಒತ್ತಡದ ಪಿಸ್ಟನ್ನಿನ ರಿಂಗ್ ಸವೆದಿದೆ ಅಥವಾ ಎಲ್ಲೋ ವಾಲ್ವ್ ಕೊಳೆ ಹಿಡಿದಿದೆ. 200ರವರೆಗೆ ಸಲೀಸಾಗಿ ಏರಿ ಅಲ್ಲೇ ನಿಂತರೂ ಅನುಮಾನ ಅದೇ ರಿಂಗಿನ ಮೇಲೆ. ತಾಪಮಾನ ಬೇಗ ಏರಿದರೆ ಮೊದಲು ನೀರಿನ ಪೈಪು ಮಡಚಿದೆಯೇ ನೋಡಿ. ಡಬ್ಬಿಗೆ ಬೀಳುವ ನೀರು ಬಿಳಿಯಿಂದ ಕಪ್ಪಾದರೆ ಎಣ್ಣೆ ಸುಡುತ್ತಿದೆ, ಅಂದೇ ನಿಲ್ಲಿಸಿ.

ಒತ್ತಡ ಮಿತಿ ಮೀರಿದಾಗ ಒಡೆದು ಗಾಳಿ ಬಿಡುವ ಪುಟ್ಟ ತಾಮ್ರದ ಬಿಲ್ಲೆ ಯಂತ್ರದಲ್ಲಿರುತ್ತದೆ. ಅದು ಒಡೆದಾಗ ಸದ್ದು ಎದೆ ನಡುಗಿಸುತ್ತದೆ. ಅದೇ ಅಳತೆಯ, ಅದೇ ಒತ್ತಡದ ಬಿಲ್ಲೆ ಎರಡು ಮೂರು ತಂದಿಟ್ಟುಕೊಳ್ಳಿ. ಅದರ ಜಾಗದಲ್ಲಿ ಎರಡು ಬಿಲ್ಲೆ ಜೋಡಿಸುವುದು, ತಗಡು ಕತ್ತರಿಸಿ ಹಾಕುವುದು ಮಾಡಬಾರದು. ಹೊಸದು ಹಾಕುವ ಮುನ್ನ ಒಡೆದದ್ದು ಯಾಕೆ ಎಂಬುದನ್ನು ಹುಡುಕಿ. ಹೆಚ್ಚಿನ ಸಲ ಕಾರಣ ಮುಚ್ಚಿಯೇ ಉಳಿದ ಸಿಲಿಂಡರಿನ ವಾಲ್ವ್.

ಒ-ರಿಂಗ್, ಪಿಸ್ಟನ್ ರಿಂಗ್, ಬ್ಲೀಡ್ ತಿರುಪು, ಬಿಲ್ಲೆ, ಸೀವ್ ಮಣಿಗಳು: ಇವಿಷ್ಟನ್ನೂ ಯಂತ್ರದ ಜೊತೆಗೇ ತರಿಸಿ. ಸ್ಪರ್ಧೆಯ ಹಿಂದಿನ ವಾರ ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಸಂಗ್ರಹ ಸಿಲಿಂಡರಿನ ಗಾಳಿಯನ್ನು ಬಿಳಿ ಕಾಗದದ ಮೇಲೆ ನಿಧಾನವಾಗಿ ಒಂದು ಕ್ಷಣ ಬಿಟ್ಟು ನೋಡಿ. ಕಾಗದ ಒಣಗಿದಂತೆಯೇ ಉಳಿದರೆ ಫಿಲ್ಟರ್ ತನ್ನ ಕೆಲಸ ಮಾಡಿದೆ. ಒದ್ದೆಯ ಚುಕ್ಕೆ ಅಥವಾ ಎಣ್ಣೆಯ ಕಲೆ ಬಿದ್ದರೆ ಆ ಸಿಲಿಂಡರಿನಿಂದ ರೈಫಲಿಗೆ ಗಾಳಿ ಕೊಡಬೇಡಿ. ಪರೀಕ್ಷಾ ಕೇಂದ್ರದಲ್ಲಿ ವಾಲ್ವ್ ಬಿಚ್ಚಿಸಿ ಒಳಗೆ ನೋಡಿಸಿ, ಒಣಗಿಸಿ ತಂದ ಮೇಲೆ ಹೊಸ ಮಣಿಗಳೊಂದಿಗೆ ಮತ್ತೆ ತುಂಬಿ.